ಡಿಯಾನಿ ಕಡಲತೀರದಿಂದ ಒಂದೇ ದಿನದ ತ್ಸಾವೊ ಸಫಾರಿ: ಹೋಗಬಹುದೇ?

ಪ್ರಶ್ನೆ: ಆಗಸ್ಟ್‌ನಲ್ಲಿ ಕೀನ್ಯಾದ ಡಿಯಾನಿ ಕಡಲತೀರದ ರೆಸಾರ್ಟ್ ಒಂದರಲ್ಲಿ ಆರು ದಿನ ಇರುತ್ತೇವೆ. ನಾನು, ನಮ್ಮ ಯಜಮಾನರು, ಹತ್ತು ಮತ್ತು ಆರು ವರ್ಷದ ಇಬ್ಬರು ಮಕ್ಕಳು, 68 ವರ್ಷದ ನಮ್ಮ ಅತ್ತೆ. ಅತ್ತೆಯವರಿಗೆ ಸೊಂಟನೋವಿದೆ. ಬೆಳಗಿನ ಜಾವ 4ಕ್ಕೆ ಹೊರಟು ರಾತ್ರಿ 8ಕ್ಕೆ ವಾಪಸ್ ಬರುವ ತ್ಸಾವೊ ಈಸ್ಟ್ ರಾಷ್ಟ್ರೀಯ ಉದ್ಯಾನದ ಸಫಾರಿಗೆ ಅಲ್ಲಿನ ಒಬ್ಬರು ದರ ಹೇಳಿದ್ದಾರೆ, ‘ಬಿಗ್ ಫೈವ್ ಗ್ಯಾರಂಟಿ’ ಅಂತಲೂ ಹೇಳಿದ್ದಾರೆ. ಮಕ್ಕಳಿಗೆ ಸಿಂಹ ನೋಡಲೇಬೇಕು. ಒಂದೇ ದಿನದಲ್ಲಿ ಹೋಗಿಬಂದರೆ ಸಾಕೇ, ಅಥವಾ ಬೇರೆ ದಾರಿ ಇದೆಯೇ?

ಉತ್ತರ: ಹೋಗಿಬರಬಹುದು, ಅಲ್ಲಿ ದಿನವೂ ಎಷ್ಟೋ ಜನ ಹಾಗೆ ಹೋಗಿಬರುತ್ತಾರೆ. ಆದರೆ ನಿಮ್ಮ ಕುಟುಂಬಕ್ಕೆ ಅದನ್ನು ನಾನು ಹೇಳುವುದಿಲ್ಲ. ಒಂದು ರಾತ್ರಿ ಕಾಡಿನೊಳಗೆ ಉಳಿಯಿರಿ. ಅದು ಸಾಧ್ಯವೇ ಇಲ್ಲವೆಂದಾದರೆ ತ್ಸಾವೊ ಬಿಟ್ಟು, ಡಿಯಾನಿಯ ಬೆನ್ನಿಗೇ ಇರುವ ಶಿಂಬಾ ಹಿಲ್ಸ್ ಅಭಯಾರಣ್ಯಕ್ಕೆ ಅರ್ಧ ದಿನ ಹೋಗಿಬನ್ನಿ. ಯಾಕೆ ಹೀಗೆ ಹೇಳುತ್ತಿದ್ದೇನೆ ಅಂತ ವಿವರವಾಗಿ ಬರೆಯುತ್ತೇನೆ. ಓದಿದ ಮೇಲೂ ಒಂದೇ ದಿನ ಸಾಕು ಅನ್ನಿಸಿದರೆ ಅದನ್ನು ಹೇಗೆ ಚೆನ್ನಾಗಿ ಮಾಡಿಕೊಳ್ಳಬೇಕು ಅನ್ನುವುದೂ ಇದರಲ್ಲೇ ಇದೆ.

ಸಫಾರಿಯಲ್ಲಿ ಲೆಕ್ಕ ಹಾಕಬೇಕಾದದ್ದು ಕಿಲೋಮೀಟರ್ ಅಲ್ಲ, ಬೆಳಕಿನ ಗಂಟೆಗಳು. ತ್ಸಾವೊ ಇರುವುದು ಸಮಭಾಜಕ ವೃತ್ತದಿಂದ ತೆಂಕಣಕ್ಕೆ ಸುಮಾರು ಮೂರು ಡಿಗ್ರಿಯಲ್ಲಿ. ಅಲ್ಲಿ ವರ್ಷವಿಡೀ ಹಗಲು ಹೆಚ್ಚುಕಡಿಮೆ ಹನ್ನೆರಡು ಗಂಟೆಯೇ. ಆರರ ಸುಮಾರಿಗೆ ಬೆಳಕು ಹರಿಯುತ್ತದೆ, ಸಂಜೆ ಆರೂವರೆ ಅನ್ನುವಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ. ಪಾರ್ಕಿನ ಗೇಟುಗಳೂ ಬೆಳಗ್ಗೆ 6ರಿಂದ ಸಂಜೆ 6ರವರೆಗೆ. ಈ ಹನ್ನೆರಡು ಗಂಟೆಗಳಲ್ಲಿ ಪ್ರಾಣಿಗಳು ಓಡಾಡಿಕೊಂಡು ಕಾಣಿಸುವುದು ಬೆಳಗಿನ ಮೊದಲ ಮೂರು ಗಂಟೆ ಮತ್ತು ಸಂಜೆಯ ಕೊನೆಯ ಎರಡು ಗಂಟೆ. ಹತ್ತರಿಂದ ನಾಲ್ಕರವರೆಗೆ ಸಿಂಹ ಪೊದೆಯ ನೆರಳಲ್ಲಿ ಮಲಗಿರುತ್ತದೆ, ಚಿರತೆಯ ಸುಳಿವೇ ಇರುವುದಿಲ್ಲ, ಜಿಂಕೆ ಜಾತಿಯವು ಮರದ ಬುಡ ಸೇರಿ ಅಲುಗಾಡದೆ ನಿಂತಿರುತ್ತವೆ.

ಈಗ ನಿಮಗೆ ಹೇಳಿರುವ ವೇಳಾಪಟ್ಟಿಯನ್ನು ಇದರ ಮೇಲೆ ಇಟ್ಟು ನೋಡಿ. ಡಿಯಾನಿಯಿಂದ ಮೊಂಬಾಸಾ ದಾಟಿ, ನೈರೋಬಿ ಹೆದ್ದಾರಿ ಹಿಡಿದು ತ್ಸಾವೊ ಈಸ್ಟ್‌ನ ಹತ್ತಿರದ ಬಚುಮಾ ಗೇಟ್ ಮುಟ್ಟಲು ಮೂರು ಗಂಟೆಯಾದರೂ ಬೇಕು. ವೊಯಿ ಗೇಟ್ ಆದರೆ ಇನ್ನೂ ಮುಂದೆ. ಬೇರೆ ಬೇರೆ ಹೋಟೆಲುಗಳಿಂದ ಜನರನ್ನು ಹತ್ತಿಸಿಕೊಳ್ಳುವ ವ್ಯಾನ್ ಆದರೆ ನಾಲ್ಕಕ್ಕೆ ಹೊರಡುತ್ತೇವೆ ಅಂದದ್ದು ಐದೂ ಆಗುತ್ತದೆ. ಗೇಟಿನ ಕೆಲಸ ಮುಗಿಸಿ ಒಳಗೆ ಹೋಗುವಾಗ ಎಂಟು. ಒಳ್ಳೆಯ ಬೆಳಕಿನಲ್ಲಿ ನಿಮಗೆ ಉಳಿಯುವುದು ಒಂದು, ಹೆಚ್ಚೆಂದರೆ ಎರಡು ಗಂಟೆ. ರಾತ್ರಿ ಎಂಟಕ್ಕೆ ರೆಸಾರ್ಟ್ ಸೇರಬೇಕೆಂದರೆ ನಾಲ್ಕು, ನಾಲ್ಕೂವರೆಗೆ ಪಾರ್ಕ್ ಬಿಡಬೇಕು. ಅಂದರೆ ಸಂಜೆಯ ಗಂಟೆಗಳು ಪೂರ್ತಿ ಕೈತಪ್ಪುತ್ತವೆ. ನೀವು ದುಡ್ಡು ಕೊಟ್ಟು ನೋಡುವುದು ತ್ಸಾವೊದ ಮಧ್ಯಾಹ್ನವನ್ನು. ಕರಪತ್ರದಲ್ಲಿರುವ ಫೋಟೋಗಳು ಮಾತ್ರ ಬೆಳಗಿನವು, ಸಂಜೆಯವು.

ಇನ್ನೊಂದು ವಿಷಯ ನನಗೆ ಇದಕ್ಕಿಂತ ಹೆಚ್ಚು ಕಳವಳದ್ದು. ಮೊಂಬಾಸಾ–ನೈರೋಬಿ ಹೆದ್ದಾರಿ ಬಂದರಿನಿಂದ ಉಗಾಂಡಾದವರೆಗೆ ಸರಕು ಹೊರುವ ಕಂಟೇನರ್ ಲಾರಿಗಳ ದಾರಿ. ಬಹುಪಾಲು ಎರಡೇ ಪಥ, ಲಾರಿಗಳ ಸಾಲಿಗೆ ಕೊನೆಯಿಲ್ಲ, ಓವರ್‌ಟೇಕ್ ಮಾಡುವವರಿಗೂ ಬರವಿಲ್ಲ. ಒಂದೇ ದಿನದ ಪ್ರವಾಸದಲ್ಲಿ ಹೋಗುವಾಗಲೂ ಕತ್ತಲು, ಬರುವಾಗಲೂ ಕತ್ತಲು. ನಸುಕಿಗೆ ಮುಂಚೆ ಎದ್ದ ಅದೇ ಚಾಲಕ ಇಡೀ ದಿನ ಮಣ್ಣು ರಸ್ತೆಯಲ್ಲಿ ಗಾಡಿ ಓಡಿಸಿ, ಸುಸ್ತಾದ ಮೇಲೆ ರಾತ್ರಿ ಮತ್ತೆ ಈ ಹೆದ್ದಾರಿಗೆ ಇಳಿಯುತ್ತಾನೆ. ಮಕ್ಕಳನ್ನು ಕಟ್ಟಿಕೊಂಡು ಹೋಗುವವರು ಯೋಚಿಸಬೇಕಾದ ಅಪಾಯ ಸಿಂಹವಲ್ಲ, ಇದು.

ಡಿಯಾನಿಯವರಿಗೆ ಮೊದಲು ಇನ್ನೊಂದು ತಲೆನೋವಿತ್ತು. ಡಿಯಾನಿ ಇರುವುದು ಮೊಂಬಾಸಾ ದ್ವೀಪದ ತೆಂಕಣಕ್ಕೆ. ಹಾಗಾಗಿ ಲಿಕೋನಿ ಫೆರಿಯಲ್ಲಿ ವಾಹನ ಸಮೇತ ನೀರು ದಾಟಬೇಕಿತ್ತು, ಅಲ್ಲಿ ಸಾಲು ಎಷ್ಟು ಹೊತ್ತಿಗೆ ಕರಗುತ್ತದೆಂದು ಯಾರಿಗೂ ಹೇಳಲಾಗುತ್ತಿರಲಿಲ್ಲ. ಈಗ ಡೊಂಗೊ ಕುಂಡು ಬೈಪಾಸ್ ತೆರೆದಿದೆ. ತೆಂಕಣ ಕರಾವಳಿಯಿಂದ ನಗರಕ್ಕೆ ಹೋಗದೆ ನೇರವಾಗಿ ಮಿರಿಟಿನಿಯ ಹತ್ತಿರ ನೈರೋಬಿ ಹೆದ್ದಾರಿಗೆ ಸೇರಬಹುದು. ನಿಮ್ಮ ಚಾಲಕ ಯಾವ ದಾರಿಯಲ್ಲಿ ಹೋಗುತ್ತಾನೆ ಅಂತ ಮೊದಲೇ ಕೇಳಿ. ಫೆರಿ ಅಂದರೆ ಬೈಪಾಸ್‌ನಲ್ಲೇ ಹೋಗಿ ಅನ್ನಿ.

ಒಂದು ರಾತ್ರಿ ಉಳಿದರೆ ಏನು ಬದಲಾಗುತ್ತದೆ ನೋಡಿ. ಬೆಳಗ್ಗೆ ತಿಂಡಿ ಮುಗಿಸಿ, ಹಗಲು ಬೆಳಕಿನಲ್ಲೇ ಆರಾಮವಾಗಿ ಹೊರಡುತ್ತೀರಿ. ಮಧ್ಯಾಹ್ನದ ಹೊತ್ತಿಗೆ ಪಾರ್ಕ್ ಒಳಗೆ. ಬಿಸಿಲಿನ ಹೊತ್ತಲ್ಲಿ ಊಟ, ಅತ್ತೆಯವರಿಗೆ ವಿಶ್ರಾಂತಿ. ನಾಲ್ಕಕ್ಕೆ ಸುತ್ತಲು ಹೊರಟು ಕತ್ತಲಾಗುವವರೆಗೆ ನೋಡುತ್ತೀರಿ. ಮರುದಿನ ಆರಕ್ಕೆ ಮತ್ತೆ ಹೊರಟು ಒಂಬತ್ತರವರೆಗೆ. ಆಮೇಲೆ ತಿಂಡಿ, ವಾಪಸ್, ಸಂಜೆಯೊಳಗೆ ಡಿಯಾನಿ. ಎರಡೂ ಒಳ್ಳೆಯ ಹೊತ್ತುಗಳು ಪೂರ್ತಿ ನಿಮ್ಮ ಪಾಲಿಗೆ ಸಿಕ್ಕವು. ಕೀನ್ಯಾ ವೈಲ್ಡ್‌ಲೈಫ್ ಸರ್ವಿಸ್‌ನ ಪ್ರವೇಶ ಟಿಕೆಟ್ 24 ಗಂಟೆಯದ್ದು. ಮೊದಲ ದಿನ ಹನ್ನೆರಡಕ್ಕೆ ಒಳಗೆ ಹೋಗಿ ಮರುದಿನ ಹನ್ನೆರಡರೊಳಗೆ ಹೊರಬಂದರೆ ಒಂದೇ ಟಿಕೆಟ್ ಸಾಕು. ಹೆಚ್ಚಿಗೆ ಬೀಳುವುದು ಉಳಿಯುವ ಖರ್ಚು ಮತ್ತು ಗಾಡಿಯ ಎರಡನೇ ದಿನದ ಬಾಡಿಗೆ. ಉಳಿಯುವ ಜಾಗ ಪಾರ್ಕಿನೊಳಗೇ ಇರಲಿ. ಹೊರಗೆ ವೊಯಿ ಪಟ್ಟಣದಲ್ಲಿ ಅಗ್ಗ ನಿಜ, ಆದರೆ ಆಗ ಒಳಗೆ–ಹೊರಗೆ ಓಡಾಡುವುದರಲ್ಲಿ ಟಿಕೆಟ್ಟಿನ ಲೆಕ್ಕವೂ ಕೆಡುತ್ತದೆ, ಬೆಳಗಿನ ಹೊತ್ತೂ ಹೋಗುತ್ತದೆ. ಒಳಗಿನ ಲಾಡ್ಜ್‌ಗಳಲ್ಲಿ ಕೆಲವು ನೀರಿನ ಹೊಂಡಕ್ಕೆ ಎದುರಾಗಿವೆ. ವೊಯಿ ಗೇಟಿನ ಬಳಿಯ ಗುಡ್ಡದ ಮೇಲಿನ ಲಾಡ್ಜ್‌ನಲ್ಲಿ ಅತ್ತೆಯವರು ಗಾಡಿ ಹತ್ತದೆ, ಕುರ್ಚಿಯಲ್ಲಿ ಕೂತೇ ಆನೆಗಳು ನೀರಿಗೆ ಬರುವುದನ್ನು ನೋಡಬಹುದು. ಇದೊಂದೇ ಕಾರಣಕ್ಕೂ ರಾತ್ರಿ ಉಳಿಯುವುದು ಸಾರ್ಥಕ.

ಸೊಂಟನೋವಿನವರಿಗೆ ರೈಲು ಇನ್ನೊಂದು ಉಪಾಯ. 2017ರಲ್ಲಿ ಶುರುವಾದ ಮೊಂಬಾಸಾ–ನೈರೋಬಿ ಹೊಸ ರೈಲು ಮಾರ್ಗ ತ್ಸಾವೊವನ್ನು ಸೀಳಿಕೊಂಡೇ ಹೋಗುತ್ತದೆ. ಆನೆಗಳು ದಾಟಲೆಂದು ಹಳಿಯ ಕೆಳಗೆ ಜಾಗ ಬಿಟ್ಟು ಕಟ್ಟಿದ್ದಾರೆ. ಬೆಳಗ್ಗೆ ಹೊರಡುವ ಇಂಟರ್-ಕೌಂಟಿ ರೈಲು ವೊಯಿಯಲ್ಲಿ ನಿಲ್ಲುತ್ತದೆ. ಮೊಂಬಾಸಾದ ನಿಲ್ದಾಣ ಇರುವುದು ಮಿರಿಟಿನಿಯಲ್ಲೇ, ಅಂದರೆ ನಿಮ್ಮ ಬೈಪಾಸ್ ಮುಗಿಯುವಲ್ಲಿ. ಸಫಾರಿ ಗಾಡಿಯವನು ವೊಯಿ ನಿಲ್ದಾಣಕ್ಕೆ ಬಂದು ಕರೆದೊಯ್ಯುವಂತೆ ಗೊತ್ತು ಮಾಡಿದರೆ, ಲಾರಿಗಳ ನಡುವಿನ ಪ್ರಯಾಣ ತಪ್ಪುತ್ತದೆ. ಪಾರ್ಕಿನ ಗೇಟು ವೊಯಿ ಪಟ್ಟಣದ ಹತ್ತಿರವೇ ಇದೆ. ರೈಲಿನ ಟಿಕೆಟ್ ಮಾತ್ರ ಮುಂಚಿತವಾಗಿ ತೆಗೆದಿಡಿ, ಆಗಸ್ಟ್ ರಜೆಯ ಕಾಲ.

ಈಗ ‘ಬಿಗ್ ಫೈವ್ ಗ್ಯಾರಂಟಿ’. ಆನೆ, ಕಾಡೆಮ್ಮೆ, ಸಿಂಹ, ಚಿರತೆ, ಘೇಂಡಾಮೃಗ, ಈ ಐದನ್ನು ಒಂದೇ ದಿನದಲ್ಲಿ ತ್ಸಾವೊ ಈಸ್ಟ್‌ನಲ್ಲಿ ತೋರಿಸುತ್ತೇನೆ ಅನ್ನುವವರು ನಿಮಗೆ ನಿಜ ಹೇಳುತ್ತಿಲ್ಲ. ಪ್ರವಾಸಿಗರು ಓಡಾಡುವ ವೊಯಿ–ಅರೂಬಾ ಭಾಗದಲ್ಲಿ ಘೇಂಡಾಮೃಗ ಕಾಣುವ ಆಸೆ ಇಟ್ಟುಕೊಳ್ಳಬೇಡಿ. ಅವುಗಳಿಗೆ ಬೇಲಿ ಹಾಕಿದ ಆಶ್ರಯವಿರುವುದು ಪಕ್ಕದ ಇನ್ನೊಂದು ಪಾರ್ಕ್ ತ್ಸಾವೊ ವೆಸ್ಟ್‌ನ ಎನ್‌ಗುಲಿಯಾದಲ್ಲಿ. ಚಿರತೆ ಹಗಲಲ್ಲಿ ಸಿಕ್ಕರೆ ಭಾಗ್ಯ. ಕಾಡೆಮ್ಮೆ ಸಾಮಾನ್ಯವಾಗಿ ಸಿಗುತ್ತದೆ. ಸಿಂಹ ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ, ಆದರೆ ಒಂದು ಸಂಜೆ ಮತ್ತು ಒಂದು ಬೆಳಗು ಕೈಯಲ್ಲಿದ್ದರೆ. ಗ್ಯಾರಂಟಿ ಅಂದವರನ್ನು ಬಿಟ್ಟು, “ನೋಡೋಣ, ಪ್ರಯತ್ನ ಮಾಡ್ತೀನಿ” ಅಂದವರನ್ನು ಹಿಡಿಯಿರಿ.

ತ್ಸಾವೊಗೆ ಹೋಗಬೇಕಾದದ್ದು ಆನೆಗಾಗಿ. ಕೀನ್ಯಾದಲ್ಲಿ 2021ರಲ್ಲಿ ದೇಶವ್ಯಾಪಿ ಗಣತಿ ನಡೆದಾಗ ಲೆಕ್ಕಕ್ಕೆ ಸಿಕ್ಕ ಆನೆಗಳು 36,280. ಅವುಗಳಲ್ಲಿ ಅತಿ ದೊಡ್ಡ ಪಾಲು ತ್ಸಾವೊ ಸೀಮೆಯದ್ದು. ಇಲ್ಲಿಯ ಆನೆ ಕೆಂಪು. ಚರ್ಮದ ಬಣ್ಣವಲ್ಲ, ಇಲ್ಲಿನ ಕಬ್ಬಿಣದಂಶ ತುಂಬಿದ ಕೆಮ್ಮಣ್ಣಿನದು. ಬಿಸಿಲು ಮತ್ತು ಉಣ್ಣೆಹುಳಗಳ ಕಾಟ ತಡೆಯಲು ಅವು ಕೆಸರಲ್ಲಿ ಹೊರಳುತ್ತವೆ, ಆಮೇಲೆ ಸೊಂಡಿಲಿನಿಂದ ಧೂಳು ಎರಚಿಕೊಳ್ಳುತ್ತವೆ. ಅರೂಬಾ ಕೆರೆಯ ಹತ್ತಿರ ಗಾಡಿ ನಿಲ್ಲಿಸಿ ಇಂಜಿನ್ ಆರಿಸಲು ಹೇಳಿ. ಹಿಂಡು ಬಂದಾಗ ಮುಂದೆ ಇರುವುದು ಸಾಮಾನ್ಯವಾಗಿ ವಯಸ್ಸಾದ ಹೆಣ್ಣಾನೆ. ನೀರು ಕಂಡ ಕೂಡಲೇ ಮರಿಗಳು ನಡಿಗೆ ಬಿಟ್ಟು ಓಡಲು ಶುರು ಮಾಡುತ್ತವೆ, ಕಿವಿಗಳು ಪಟಪಟ ಬಡಿಯುತ್ತವೆ. ನೀರಿಗಿಳಿದ ಆನೆಯ ಕಾಲುಗಳು ಎಲ್ಲಿಯವರೆಗೆ ನೆನೆದವೋ ಅಲ್ಲಿಯವರೆಗೆ ಕಪ್ಪು, ಅದರ ಮೇಲೆ ಇಟ್ಟಿಗೆಯ ಕೆಂಪು. ಆ ಎರಡು ಬಣ್ಣದ ಗಡಿಗೆರೆಯನ್ನು ಮಕ್ಕಳಿಗೆ ತೋರಿಸಿ. ಅರ್ಧ ಗಂಟೆ ಅಲ್ಲೇ ಇರಿ. “ಆನೆ ಆಯ್ತು, ಮುಂದೆ?” ಅನ್ನುವ ಚಾಲಕನಿಗೆ, ಇಲ್ಲ, ಇಲ್ಲೇ ಇರೋಣ ಅಂತ ಹೇಳುವ ಹಕ್ಕು ನಿಮ್ಮದು. ಅರೂಬಾ ವೊಯಿ ನದಿಗೆ ಅಡ್ಡಲಾಗಿ 1952ರಲ್ಲಿ ಕಟ್ಟಿದ ಒಡ್ಡು. ಮಳೆ ಕೈಕೊಟ್ಟ ವರ್ಷಗಳಲ್ಲಿ ಪೂರ್ತಿ ಒಣಗುವುದೂ ಉಂಟು. ಆಗ ಚಾಲಕರು ಬೇರೆ ಹೊಂಡಗಳಿಗೆ ಕರೆದೊಯ್ಯುತ್ತಾರೆ.

ಆಗಸ್ಟ್ ಒಳ್ಳೆಯ ಆಯ್ಕೆ. ಮಾರ್ಚ್ ಕೊನೆಯಿಂದ ಮೇವರೆಗೆ ದೊಡ್ಡ ಮಳೆ, ನವೆಂಬರ್–ಡಿಸೆಂಬರಿನಲ್ಲಿ ಸಣ್ಣ ಮಳೆ. ಮಳೆ ಬಿದ್ದ ಮೇಲೆ ನೀರು ಎಲ್ಲೆಡೆ ಇರುತ್ತದೆ, ಹುಲ್ಲು ಎತ್ತರ ಬೆಳೆದಿರುತ್ತದೆ, ಪ್ರಾಣಿಗಳು ಚದುರಿಹೋಗುತ್ತವೆ. ಎರಡೂ ತ್ಸಾವೊ ಸೇರಿದರೆ 20,000 ಚದರ ಕಿಲೋಮೀಟರಿಗೂ ಹೆಚ್ಚಿನ ಜಾಗ, ಅದರಲ್ಲಿ ಚದುರಿದ್ದನ್ನು ಹುಡುಕುವುದು ಸುಲಭವಲ್ಲ. ಒಣ ತಿಂಗಳುಗಳಲ್ಲಿ ಎಲ್ಲವೂ ಉಳಿದ ನೀರಿನ ಸುತ್ತ ಸೇರುತ್ತವೆ. ನೀವು ಪ್ರಾಣಿಯನ್ನು ಹುಡುಕಿಕೊಂಡು ಹೋಗಬೇಕಿಲ್ಲ, ನೀರಿನ ಬಳಿ ಕಾದರೆ ಆಯಿತು.

ಸಿಂಹದ ವಿಷಯಕ್ಕೆ ಬರೋಣ, ಮಕ್ಕಳ ಆಸೆ ಅದಲ್ಲವೇ. ಮೊದಲೇ ಹೇಳಿಡಿ: ತ್ಸಾವೊದ ಗಂಡು ಸಿಂಹಗಳಿಗೆ ಕೇಸರ ತೀರಾ ಕಡಿಮೆ, ಕೆಲವಕ್ಕೆ ಇಲ್ಲವೇ ಇಲ್ಲ. ಸೆಖೆ ಇದಕ್ಕೊಂದು ಕಾರಣವೆನ್ನುತ್ತಾರೆ. ಚಿತ್ರಪುಸ್ತಕದ ಸಿಂಹವನ್ನು ನಿರೀಕ್ಷಿಸಿದ ಮಗು ಇದನ್ನು ನೋಡಿ ಇದು ಸಿಂಹಿಣಿ ಅಂದುಬಿಡುತ್ತದೆ. ಈ ಕೇಸರವಿಲ್ಲದ ಸಿಂಹಗಳ ಕಥೆ ನಮ್ಮವರಿಗೂ ಸಂಬಂಧಪಟ್ಟದ್ದು. ಉಗಾಂಡಾ ರೈಲ್ವೆ ಹಾಕಲು ಬ್ರಿಟಿಷರು ಭಾರತದಿಂದ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಗಳನ್ನು ಸಾಗಿಸಿದ್ದರು. 1898ರಲ್ಲಿ ತ್ಸಾವೊ ನದಿಗೆ ಸೇತುವೆ ಕಟ್ಟುವಾಗ ಎರಡು ಗಂಡು ಸಿಂಹಗಳು ತಿಂಗಳುಗಟ್ಟಲೆ ರಾತ್ರಿ ಡೇರೆಗಳಿಗೆ ನುಗ್ಗಿ ಕೆಲಸಗಾರರನ್ನು ಎಳೆದೊಯ್ದವು. ಕೆಲಸ ನಿಂತೇಹೋಯಿತು. ಸೇತುವೆಯ ಉಸ್ತುವಾರಿ ಹೊತ್ತಿದ್ದ ಜಾನ್ ಹೆನ್ರಿ ಪ್ಯಾಟರ್ಸನ್ ಆ ಡಿಸೆಂಬರಿನಲ್ಲಿ ಎರಡನ್ನೂ ಕೊಂದ. ಸತ್ತವರು 135 ಅಂತ ಅವನು ಹೇಳಿಕೊಂಡ. ಸಿಂಹಗಳ ಮೂಳೆ ಮತ್ತು ಕೂದಲನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟವಾದ ಅಧ್ಯಯನ ಸುಮಾರು 35 ಅಂದಿತು. ಆ ಎರಡೂ ಈಗ ಶಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿವೆ. ಹತ್ತು ವರ್ಷದ ಮಗುವಿಗೆ ಈ ಕಥೆ ಹೇಳಿ, ಆರು ವರ್ಷದವರಿಗೆ ಊರಿಗೆ ಬಂದ ಮೇಲೆ ಹೇಳಿದರೆ ಸಾಕು. ಸತ್ತವರಲ್ಲಿ ಬಹಳಷ್ಟು ಜನ ಹೊಟ್ಟೆಪಾಡಿಗೆ ಕಡಲು ದಾಟಿ ಬಂದ ನಮ್ಮ ದೇಶದ ಬಡವರು ಅನ್ನುವುದನ್ನು ಬಿಡದೆ ಹೇಳಿ.

ಸಿಂಹವನ್ನು ಕಣ್ಣಿಂದ ಹುಡುಕುವುದಕ್ಕಿಂತ ಬೇರೆ ಪ್ರಾಣಿಗಳ ಮೂಲಕ ಹುಡುಕುವುದು ಸುಲಭ. ಜೀಬ್ರಾಗಳು ಮೇಯುವುದು ಬಿಟ್ಟು ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದರೆ ಆ ದಿಕ್ಕಿನಲ್ಲಿ ಏನೋ ಇದೆ. ಜಿರಾಫೆಗೆ ಮೇಲಿಂದ ಎಲ್ಲ ಕಾಣುತ್ತದೆ, ಅದರ ದೃಷ್ಟಿ ಕದಲದಿದ್ದರೆ ನೀವೂ ಅಲ್ಲೇ ದುರ್ಬೀನು ಹಿಡಿಯಿರಿ. ಮಕ್ಕಳಿಗೆ ಈ ಕೆಲಸ ಕೊಟ್ಟರೆ ಅವರಿಗೆ ಬೇಸರವೂ ಆಗುವುದಿಲ್ಲ, ಎಷ್ಟೋ ಸಲ ದೊಡ್ಡವರಿಗಿಂತ ಮೊದಲು ಅವರೇ ಕಂಡುಹಿಡಿಯುತ್ತಾರೆ. ಗೆರೆನುಕ್ ಅನ್ನುವ ಉದ್ದ ಕತ್ತಿನ ಜಿಂಕೆಯನ್ನೂ ನೋಡಲು ಹೇಳಿ. ಅದು ಹಿಂಗಾಲ ಮೇಲೆ ನೆಟ್ಟಗೆ ನಿಂತು, ಮುಂಗಾಲನ್ನು ಕೊಂಬೆಗೆ ಆನಿಸಿ, ಮುಳ್ಳುಗಳ ನಡುವಿನ ಚಿಕ್ಕ ಎಲೆಗಳನ್ನು ಒಂದೊಂದಾಗಿ ಕಿತ್ತು ತಿನ್ನುತ್ತದೆ. ನೀರಿಲ್ಲದೆಯೂ ಬಹಳ ಕಾಲ ಬದುಕಬಲ್ಲದು. ಮಾಸಾಯ್ ಮಾರಾಕ್ಕೆ ಹೋದವರಿಗೂ ಇದು ಸುಲಭಕ್ಕೆ ಸಿಗುವುದಿಲ್ಲ.

ಗಾಡಿಯ ಬಗ್ಗೆ. ಮಾಡು ಮೇಲೆತ್ತುವ ಮಿನಿಬಸ್ ಅಗ್ಗ, ಲ್ಯಾಂಡ್ ಕ್ರೂಸರ್ ದುಬಾರಿ. ಐದು ಜನ ಇರುವುದರಿಂದ ಬೇರೆಯವರ ಜೊತೆ ಸೇರದೆ ಇಡೀ ಗಾಡಿಯನ್ನೇ ತೆಗೆದುಕೊಳ್ಳಿ. ಯಾವಾಗ ನಿಲ್ಲಬೇಕು, ಯಾವಾಗ ವಾಪಸಾಗಬೇಕು ಅನ್ನುವುದು ಆಗ ನಿಮ್ಮ ಕೈಯಲ್ಲಿರುತ್ತದೆ. ಕುಲುಕಾಟ ಅತಿ ಹೆಚ್ಚು ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ. ಅತ್ತೆಯವರನ್ನು ಚಾಲಕನ ಪಕ್ಕ ಅಥವಾ ಅವನ ಹಿಂದಿನ ಮೊದಲ ಸಾಲಿನಲ್ಲಿ ಕೂರಿಸಿ, ಸೊಂಟಕ್ಕೊಂದು ದಿಂಬು ರೆಸಾರ್ಟಿನಿಂದಲೇ ಕೇಳಿ ತನ್ನಿ. ಶೌಚಾಲಯ ಗೇಟಿನಲ್ಲಿ ಮತ್ತು ಲಾಡ್ಜುಗಳಲ್ಲಿ ಮಾತ್ರ. ಕಂಡಕಂಡಲ್ಲಿ ಕೆಳಗಿಳಿಯುವಂತಿಲ್ಲ.

ದರ ಕೇಳುವಾಗ ಮೂರು ಪ್ರಶ್ನೆ ಕೇಳಿದರೆ ಎದುರಿನವರ ಬಂಡವಾಳ ಗೊತ್ತಾಗುತ್ತದೆ. ಪಾರ್ಕಿನ ಪ್ರವೇಶ ಶುಲ್ಕ ಈ ದರದಲ್ಲಿ ಸೇರಿದೆಯೇ? ಗಾಡಿಯಲ್ಲಿ ಒಟ್ಟು ಎಷ್ಟು ಜನ? ಎಷ್ಟು ಗಂಟೆಗೆ ಯಾವ ಗೇಟಿನಿಂದ ಒಳಗೆ ಹೋಗುತ್ತೇವೆ? ವಿದೇಶಿಯರಿಗೆ ಪ್ರವೇಶ ಶುಲ್ಕವೇ ದೊಡ್ಡ ಮೊತ್ತ. ತೀರಾ ಕಡಿಮೆ ದರ ಹೇಳಿದವರು ಅದನ್ನು ಬಿಟ್ಟು ಹೇಳಿರುತ್ತಾರೆ. ಶುಲ್ಕವನ್ನು ಗೇಟಿನಲ್ಲಿ ನಗದಾಗಿ ತೆಗೆದುಕೊಳ್ಳುವುದಿಲ್ಲ, ಸರ್ಕಾರದ ಇ-ಸಿಟಿಜನ್ ವ್ಯವಸ್ಥೆಯಲ್ಲಿ ಕಟ್ಟಬೇಕು. ನಿಮ್ಮ ಹೆಸರಿನ ರಸೀದಿ ಹಿಂದಿನ ದಿನವೇ ತೋರಿಸಲು ಹೇಳಿ. ಕಡಲ ದಂಡೆಯಲ್ಲಿ ಆಲ್ಬಂ ಹಿಡಿದು ಬರುವವರಲ್ಲಿ ಒಳ್ಳೆಯವರೂ ಇದ್ದಾರೆ. ಆದರೆ ಆ ಹುಡುಗ ಮಧ್ಯವರ್ತಿ, ಗಾಡಿ ಬೇರೆಯವರದ್ದು. ಗಾಡಿಯ ಮಾಲೀಕರ ಜೊತೆ ಮಾತಾಡದೆ ಮುಂಗಡ ಕೊಡಬೇಡಿ. ಸಫಾರಿ ಮಾರ್ಗದರ್ಶಕರಿಗೆ ಅಲ್ಲಿ ಕಂಚು, ಬೆಳ್ಳಿ, ಚಿನ್ನ ಅಂತ ಮೂರು ದರ್ಜೆಯ ಪರೀಕ್ಷೆಗಳಿವೆ. ನಿಮಗೆ ಬರುವವರು ಅದರಲ್ಲಿ ಯಾವುದನ್ನು ಪಾಸು ಮಾಡಿದ್ದಾರೆ ಅಂತ ಕೇಳಿ. ಹೆಮ್ಮೆಯಿಂದ ಬಿಲ್ಲೆ ತೋರಿಸುತ್ತಾರೆ.

ಸಿಂಹದ ಹಟ ಬಿಡಲು ಮಕ್ಕಳು ಒಪ್ಪಿದರೆ, ರಾತ್ರಿ ಉಳಿಯಲು ಆಗದಿದ್ದರೆ, ಶಿಂಬಾ ಹಿಲ್ಸ್. ಡಿಯಾನಿಯಿಂದ ಕ್ವಾಲೆ ಪಟ್ಟಣದ ಪಕ್ಕದ ಗೇಟಿಗೆ ಒಂದು ಗಂಟೆಯೊಳಗೆ ಹೋಗಬಹುದು. ಗೇಟ್ ತೆರೆಯುವ ಹೊತ್ತಿಗೆ ಅಲ್ಲಿದ್ದು, ಊಟದ ಹೊತ್ತಿಗೆ ರೆಸಾರ್ಟಿಗೆ ಮರಳಬಹುದು. ಕತ್ತಲ ಹೆದ್ದಾರಿ ಇಲ್ಲ, ಒಳ್ಳೆಯ ಬೆಳಗಿನ ಗಂಟೆಗಳು ಪೂರ್ತಿ ಸಿಗುತ್ತವೆ. ಹಸಿರು ಗುಡ್ಡಗಳು, ಕರಾವಳಿ ಮಳೆಕಾಡಿನ ತುಣುಕುಗಳು, ನಡುವೆ ಹುಲ್ಲುಗಾವಲು. ಆನೆ, ಕಾಡೆಮ್ಮೆ, ಜಿರಾಫೆ ಇವೆ. ಸೇಬಲ್ ಅನ್ನುವ, ಹಿಂದಕ್ಕೆ ಬಾಗಿದ ಉದ್ದ ಕೊಂಬಿನ ಜಿಂಕೆ ಕೀನ್ಯಾದಲ್ಲಿ ಇರುವುದು ಇಲ್ಲಿ ಮಾತ್ರ. ಗಂಡಿನ ಮೈ ಕಡುಗಪ್ಪು, ಹೊಟ್ಟೆ ಅಚ್ಚ ಬಿಳಿ. ಇಲ್ಲಿ ರೇಂಜರ್ ಜೊತೆ ಶೆಲ್ಡ್ರಿಕ್ ಜಲಪಾತಕ್ಕೆ ನಡೆದುಕೊಂಡು ಹೋಗಬಹುದು. ತ್ಸಾವೊ ಈಸ್ಟ್‌ನ ಮೊದಲ ವಾರ್ಡನ್ ಡೇವಿಡ್ ಶೆಲ್ಡ್ರಿಕ್ ಹೆಸರಿನದು. ವಾಪಸ್ ಬರುವಾಗ ಏರು ಇದೆ, ಅತ್ತೆಯವರು ಮೇಲೆಯೇ ಉಳಿಯಲಿ. ಕಾಡು ದಟ್ಟವಾಗಿರುವುದರಿಂದ ತ್ಸಾವೊದಷ್ಟು ಪ್ರಾಣಿಗಳು ಕಣ್ಣಿಗೆ ಬೀಳುವುದಿಲ್ಲ, ಅದು ತಿಳಿದೇ ಹೋಗಿ. ಸೆಟ್ಸೆ ನೊಣಗಳಿವೆ. ಅವು ನೀಲಿ ಮತ್ತು ಕಪ್ಪು ಬಟ್ಟೆಗೆ ಬಂದು ಮುತ್ತುತ್ತವೆ. ತ್ಸಾವೊಗೂ ಇದಕ್ಕೂ ಮಾಸಲು ಬಣ್ಣದ ಹತ್ತಿ ಬಟ್ಟೆಯೇ ಸರಿ, ಜೀನ್ಸ್ ಬೇಡ.

ಎಲ್ಲ ಕೇಳಿಯೂ ಒಂದೇ ದಿನಕ್ಕೆ ತ್ಸಾವೊ ಅಂದರೆ: ಮೂರೂವರೆಗೆ ಹೊರಡಿ, ಬಚುಮಾದಿಂದಲೇ ಒಳಹೋಗಿ, ಅರೂಬಾದವರೆಗೆ ಮಾತ್ರ ಸುತ್ತಿ, ಅದಕ್ಕೂ ಆಚೆ ಇರುವ ಗಲಾನಾ ನದಿಯ ಆಸೆ ಬಿಡಿ. ಬಿಸಿಲಿನ ಹೊತ್ತನ್ನು ಒಳಗಿನ ಲಾಡ್ಜಿನಲ್ಲಿ ಊಟಕ್ಕೆ ಇಟ್ಟುಕೊಳ್ಳಿ. ಎರಡಕ್ಕೇ ಹೊರಟುಬಿಡಿ, ಹೆದ್ದಾರಿಯನ್ನು ಬೆಳಕಿನಲ್ಲಿ ದಾಟಿದ ಹಾಗಾಗುತ್ತದೆ. ಅತ್ತೆಯವರು ರೆಸಾರ್ಟಿನಲ್ಲೇ ಇರಲಿ.

ಇನ್ನು ಭಾರತದಿಂದ ಹೊರಡುವ ಮುಂಚಿನ ಕೆಲಸ. ಕೀನ್ಯಾಕ್ಕೆ 2024ರಿಂದ ವೀಸಾ ಬದಲು ಇ-ಟಿ-ಎ ಅನುಮತಿ, ಆನ್‌ಲೈನಿನಲ್ಲಿ ಮಕ್ಕಳಿಗೂ ಬೇರೆ ಬೇರೆಯಾಗಿ ಅರ್ಜಿ ಹಾಕಬೇಕು. ಪ್ಲಾಸ್ಟಿಕ್ ಚೀಲಗಳನ್ನು ಅಲ್ಲಿ 2017ರಲ್ಲೇ ನಿಷೇಧಿಸಿದ್ದಾರೆ, ಪಾರ್ಕುಗಳೊಳಗೆ ಒಮ್ಮೆ ಬಳಸಿ ಬಿಸಾಡುವ ಬಾಟಲಿಗೂ 2020ರಿಂದ ನಿಷೇಧವಿದೆ. ಹಾಗಾಗಿ ಎಲ್ಲರಿಗೂ ಒಂದೊಂದು ಸ್ಟೀಲ್ ಬಾಟಲಿ ಇಟ್ಟುಕೊಳ್ಳಿ. ಕರಾವಳಿ, ತ್ಸಾವೊ ಎರಡೂ ಮಲೇರಿಯಾ ಇರುವ ಸೀಮೆ. ಮಾತ್ರೆಯ ವಿಚಾರ ಮಕ್ಕಳ ವೈದ್ಯರನ್ನೂ ಅತ್ತೆಯವರ ವೈದ್ಯರನ್ನೂ ಕೇಳಿ.

ಎಲ್ಲಕ್ಕಿಂತ ಮೊದಲು ಹಳದಿ ಜ್ವರದ ಲಸಿಕೆ. ಕೀನ್ಯಾದಿಂದ ಮರಳುವವರ ಬಳಿ ಇದರ ಪ್ರಮಾಣಪತ್ರ ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲಿ ಆರು ದಿನದವರೆಗೆ ಕ್ವಾರಂಟೈನ್ ಮಾಡುತ್ತಾರೆ. ಲಸಿಕೆ ಹಾಕಿಸಿಕೊಂಡು ಹತ್ತು ದಿನವಾದ ಮೇಲೆಯೇ ಪತ್ರಕ್ಕೆ ಮಾನ್ಯತೆ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಅಲ್ಲಿ ಹೆಸರು ಬರೆಸಿ ಕಾಯಬೇಕಾಗುತ್ತದೆ. ಅರುವತ್ತು ದಾಟಿದವರಿಗೆ ಈ ಲಸಿಕೆಯಿಂದ ಅಡ್ಡಪರಿಣಾಮದ ಅಪಾಯ ಹೆಚ್ಚು. ಆದ್ದರಿಂದ ಅತ್ತೆಯವರನ್ನು ವೈದ್ಯರಿಗೆ ತೋರಿಸಿ, ಅವರು ಸರಿ ಅಂದ ಮೇಲೆಯೇ ವಿಮಾನದ ಟಿಕೆಟ್ ತೆಗೆಸಿ.